ಮಂಗನ ಕಾಯಿಲೆ ಮತ್ತು ವಲಸೆ ಹಕ್ಕಿಗಳು: ಒಂದು ಶಂಕೆಯ ಚರಿತ್ರೆ

ಸೈಬೀರಿಯ, ಮಧ್ಯ ಏಷ್ಯಾ ಹಾಗೂ ಹಿಮಾಲಯದ ಕಾಡುಗಳಲ್ಲಿ ಬೇಸಿಗೆ ಮುಗಿಯುತ್ತ ಬಂದಾಗ ಅಲ್ಲಿ ಮರಿ ಮಾಡಿದ ಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ. ನಮ್ಮ ಮಲೆನಾಡಿನಲ್ಲಿ ಅದು ಮಳೆ ಹಿಂಜರಿಯುವ ಕಾಲ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ದಿನಗಳಲ್ಲಿ ಹಳ್ಳದ ಬಂಡೆಗಳ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ, ಮರದೆಲೆಗಳ ನಡುವೆ ಹುಳು ಹುಡುಕುವ ಹಸಿರು ಉಲಿಯಕ್ಕಿ, ಗದ್ದೆ ಮತ್ತು ಕೆರೆಯಂಚಿನ ಗೊರವಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಶತಮಾನಗಳಿಂದ ನಡೆದು ಬಂದ ಈ ಆಗಮನವು 1957ರ ನಂತರ ವೈದ್ಯಕೀಯ ಶಂಕೆಗೆ ಗುರಿಯಾಯಿತು. ಆ ಶಂಕೆ ಹುಟ್ಟಿದ ಸಂದರ್ಭವನ್ನೂ ಅದು ಭಾರತದ ಪಕ್ಷಿ ಅಧ್ಯಯನದ ಮೇಲೆ ಬೀರಿದ ಪರಿಣಾಮವನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1957ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ ಮತ್ತು ಕೆಂಪುಮೂತಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ, ಸೌದೆ ಸೊಪ್ಪಿಗಾಗಿ ಕಾಡಿಗೆ ಹೋಗಿ ಬಂದವರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದೇ ವರ್ಷ ರೋಗಕಾರಕ ವೈರಸ್ಸನ್ನು ಪ್ರತ್ಯೇಕಿಸಿದರು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ಖಚಿತವಾಯಿತು. ಜನರು ಇದನ್ನು ಮಂಗನ ಕಾಯಿಲೆ ಎಂದರು; ವೈದ್ಯಕೀಯ ಗ್ರಂಥಗಳಲ್ಲಿ ಇದು ಕ್ಯಾಸನೂರು ಕಾಡಿನ ಕಾಯಿಲೆ ಎಂದು ದಾಖಲಾಯಿತು.

ಈ ವೈರಸ್ಸು ಸೋವಿಯತ್ ಒಕ್ಕೂಟದಲ್ಲಿ ಕಂಡುಬಂದಿದ್ದ, ಉಣುಗಿನಿಂದಲೇ ಹರಡುವ ಮಿದುಳುಜ್ವರದ ವೈರಸ್ಸಿಗೆ ಸಮೀಪದ ಬಂಧುವೆಂದು ತಿಳಿದಾಗ ಸಹಜವಾಗಿಯೇ ಒಂದು ಪ್ರಶ್ನೆ ಎದ್ದಿತು. ಸಾವಿರಾರು ಮೈಲಿ ದೂರದ ರೋಗದ ನಂಟು ಸೊರಬದ ಕಾಡಿಗೆ ಬಂದುದಾದರೂ ಹೇಗೆ? ಸೈಬೀರಿಯದಿಂದ ಬರುವ ಹಕ್ಕಿಗಳ ಮೈಗೆ ಅಂಟಿದ ಉಣುಗುಗಳೇ ಅದನ್ನು ತಂದಿರಬಹುದೆಂದು ಊಹಿಸಲಾಯಿತು. ಕಾಲಮಾನವೂ ಈ ಊಹೆಗೆ ಪೋಷಕವಾಗಿಯೇ ಇತ್ತು. ವಲಸೆ ಹಕ್ಕಿಗಳು ಬಂದು ನೆಲೆಸಿದ ಮೇಲೆ, ಮಳೆ ನಿಂತ ತಿಂಗಳುಗಳಲ್ಲಿ ಕಾಡಿನಲ್ಲಿ ಮರಿ ಉಣುಗುಗಳು ಹೆಚ್ಚುತ್ತವೆ. ಅವು ಬೆಳೆದು ನಿಂಫ್ ಎಂಬ ನಡುವಣ ಹಂತ ತಲುಪುವ ಡಿಸೆಂಬರ್‌ನಿಂದ ಮೇವರೆಗಿನ ಅವಧಿಯೇ ಮನುಷ್ಯರಲ್ಲಿ ರೋಗ ಕಾಣಿಸಿಕೊಳ್ಳುವ ಅವಧಿ. ಆದರೆ ಎರಡು ಘಟನೆಗಳು ಒಂದರ ಹಿಂದೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದರ ಕಾರಣವೆಂದು ಸಿದ್ಧವಾಗುವುದಿಲ್ಲ. ಯಾವ ಹಕ್ಕಿ ಎಲ್ಲಿಂದ, ಯಾವ ವಾರದಲ್ಲಿ, ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಮೊದಲು ತಿಳಿಯಬೇಕಿತ್ತು.

ಆ ತಿಳಿವಳಿಕೆಗೆ ಬೇಕಾದ ದಾಖಲೆಗಳು ಅಂದು ವಿರಳವಾಗಿದ್ದವು. ಸಲೀಂ ಅಲಿ ಅವರು ಮೈಸೂರು ಸಂಸ್ಥಾನದಲ್ಲಿ ನಡೆಸಿದ್ದ ಸಮೀಕ್ಷೆಯ ವರದಿ 1940ರ ದಶಕದಲ್ಲಿಯೇ ಪ್ರಕಟವಾಗಿತ್ತು. ಆದರೆ ಇಂತಹ ಸಮೀಕ್ಷೆಯಿಂದ ಯಾವ ಹಕ್ಕಿ ಎಲ್ಲಿದೆ ಎಂಬುದು ತಿಳಿಯುತ್ತದೆಯೇ ಹೊರತು ಪ್ರತಿವರ್ಷ ಅದು ಬಂದಿಳಿಯುವ ದಿನ ತಿಳಿಯದು. ಈ ಹಿನ್ನೆಲೆಯಲ್ಲಿ, 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿ ಅವರ ನೇತೃತ್ವದಲ್ಲಿ ಪಕ್ಷಿ ವಲಸೆಯ ಅಧ್ಯಯನವನ್ನು ಕೈಗೊಂಡಿತು. ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆಯುಳ್ಳ ಉಂಗುರ ತೊಡಿಸಿ, ಮೈಮೇಲಿನ ಉಣುಗುಗಳನ್ನು ಸಂಗ್ರಹಿಸಿ ಹಾರಿಬಿಡುವುದು ಇದರ ಕ್ರಮ. ಭರತಪುರವು ಇದರ ಪ್ರಮುಖ ಕೇಂದ್ರಗಳಲ್ಲೊಂದಾಯಿತು. ಭಾರತದಲ್ಲಿ ವ್ಯವಸ್ಥಿತ ಉಂಗುರಧಾರಣೆಯ ವಿಸ್ತರಣೆಗೆ ಸೊರಬದ ಕಾಡಿನ ಮಂಗಗಳ ಸಾವು ಪ್ರೇರಣೆಯಾಯಿತೆಂಬುದು ಕರ್ನಾಟಕದ ವಿಜ್ಞಾನ ಚರಿತ್ರೆಯಲ್ಲಿ ಗಮನಾರ್ಹ ಸಂಗತಿ.

ಮುಂದೆ ಅಧ್ಯಯನವೇ ಶಂಕೆಗೆ ಒಳಗಾಯಿತು. 1960ರ ದಶಕದಲ್ಲಿ ಅಮೆರಿಕದ ಸೇನೆಯ ಹಣದಿಂದ ನಡೆಯುತ್ತಿದ್ದ ಏಷ್ಯಾದ ವಲಸೆ ಪ್ರಾಣಿ ರೋಗ ಸಮೀಕ್ಷೆಯಿಂದಲೂ ಇದಕ್ಕೆ ನೆರವು ದೊರೆತಿತ್ತು. ಹಕ್ಕಿಗಳ ಮೂಲಕ ರೋಗಾಣುಗಳನ್ನು ಹರಡುವ ಯುದ್ಧತಂತ್ರಕ್ಕೆ ಈ ಮಾಹಿತಿ ಬಳಕೆಯಾಗಬಹುದೆಂಬ ಆರೋಪ 1970ರ ದಶಕದಲ್ಲಿ ಪತ್ರಿಕೆಗಳಲ್ಲಿ ಬಂದಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ವಿದೇಶಿ ಸಹಯೋಗದ ಸಂಶೋಧನೆಗಳನ್ನು ಕುರಿತ ತನ್ನ ವರದಿಯಲ್ಲಿ ಇದನ್ನೂ ಪರಿಶೀಲಿಸಿತು. ಹಕ್ಕಿಯ ಮೇಲಿದ್ದ ಗುಮಾನಿ ಹೀಗೆ ಹಕ್ಕಿಯನ್ನು ಅಭ್ಯಸಿಸುವವರ ಮೇಲೂ ಹರಿಯಿತು.

ವಲಸೆ ಹಕ್ಕಿಗಳೇ ಸೈಬೀರಿಯದಿಂದ ಈ ರೋಗವನ್ನು ತಂದವೆಂಬುದು ಸಿದ್ಧಪಟ್ಟಿಲ್ಲ. ಮಲೆನಾಡಿನ ಉಣುಗು, ಸಣ್ಣ ಸಸ್ತನಿಗಳು ಮತ್ತು ಮಂಗಗಳ ನಡುವೆ ವೈರಸ್ಸು ಸಂಚರಿಸುವ ಬಗೆ, ಕಾಡು ಕಡಿದುದು, ಕಾಡಂಚಿನಲ್ಲಿ ಮೇಯುವ ದನಕರುಗಳಿಂದ ಉಣುಗು ಹೆಚ್ಚಿದ್ದು, ಇವುಗಳ ಕಡೆಗೆ ಸಂಶೋಧಕರ ಗಮನ ಹರಿಯಿತು. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಪತ್ತೆಯಾದ ಅಲ್ಖುರ್ಮಾ ವೈರಸ್ಸು ಇದಕ್ಕೆ ಅತಿ ನಿಕಟವೆಂದು ತಿಳಿದ ಮೇಲೆ ದೂರದ ನಂಟಿನ ಪ್ರಶ್ನೆ ಮತ್ತೆ ಜೀವ ಪಡೆಯಿತು. ಇವೆರಡೂ ಕವಲೊಡೆದ ಕಾಲವನ್ನು ಕುರಿತ ಅಂದಾಜುಗಳು ಕೆಲವು ದಶಕಗಳಿಂದ ಹಲವು ಶತಮಾನಗಳವರೆಗೆ ಹರಡಿಕೊಂಡಿವೆ.

ಇಂತಹ ಪ್ರಶ್ನೆಗಳು ಎದ್ದಾಗಲೆಲ್ಲ ಅಗತ್ಯವೆನಿಸುವುದು ಒಂದೇ ಸ್ಥಳದಲ್ಲಿ ವರ್ಷ ವರ್ಷವೂ ಬರೆದಿಟ್ಟ ದಿನಾಂಕಗಳು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಿಂದ ಆರಂಭವಾದ ಮೈಗ್ರಂಟ್‌ವಾಚ್ ಯೋಜನೆಯು ವಲಸೆ ಹಕ್ಕಿಗಳ ಮೊದಲ ದರ್ಶನದ ದಿನಗಳನ್ನು ಹವ್ಯಾಸಿಗಳಿಂದ ಸಂಗ್ರಹಿಸಿ ಈ ಕೊರತೆಯನ್ನು ತುಂಬಲು ಯತ್ನಿಸಿತು. ಅದಕ್ಕೂ ಹಿಂದಿನ ಕಾಲದ ಮಾಹಿತಿ ತೋಟದ ಮಾಲೀಕರ ದಿನಚರಿಗಳಲ್ಲಿ, ಅರಣ್ಯಾಧಿಕಾರಿಗಳ ಪ್ರವಾಸ ಟಿಪ್ಪಣಿಗಳಲ್ಲಿ, ಶಾಲಾ ಶಿಕ್ಷಕರ ಕೈಬರಹಗಳಲ್ಲಿ ದೊರೆಯಬಹುದು. ಶಾಸನ, ಕಡತಗಳನ್ನು ಕಾಪಾಡುವಂತೆ ಇವುಗಳನ್ನೂ ಚಾರಿತ್ರಿಕ ಆಕರಗಳೆಂದು ಪರಿಗಣಿಸಿ ಸಂಗ್ರಹಿಸುವ ಹೊಣೆ ನಮ್ಮ ಗ್ರಂಥಾಲಯಗಳದು. ಸಿಪಿಲೆ ಬಂದ ದಿನವನ್ನು ಬರೆದಿಟ್ಟ ಒಂದು ಸಾಲು, ಮುಂದೊಮ್ಮೆ ಶಂಕೆಯನ್ನು ಸಾಕ್ಷ್ಯದಿಂದ ಬೇರ್ಪಡಿಸಲು ನೆರವಾದೀತು.