ಗರ್ಭಿಣಿಯ ಊಟ ಮತ್ತು ಸುಣ್ಣದ ಚರಿತ್ರೆ

ಮಸ್ಕಿಯೆಂದೊಡನೆ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವೂ, ಲಿಂಗಸುಗೂರೆಂದೊಡನೆ ಹಟ್ಟಿಯ ಚಿನ್ನವೂ, ಸಿಂಧನೂರೆಂದೊಡನೆ ತುಂಗಭದ್ರೆಯ ಎಡದಂಡೆ ಕಾಲುವೆಯ ಬತ್ತವೂ ನಮ್ಮ ನೆನಪಿಗೆ ಬರುವುವು. ಅಲ್ಲಿಯ ಗರ್ಭಿಣಿಯರು ಏನನ್ನುಣ್ಣುತ್ತಿದ್ದರೆಂಬುದನ್ನು ಚರಿತ್ರೆಯೆಂದು ಎಣಿಸುವ ವಾಡಿಕೆ ನಮ್ಮಲ್ಲಿಲ್ಲ. ಈ ದಿನ ಅದನ್ನೇ ವಿಚಾರಿಸೋಣ.

ಗರ್ಭದ ಇಪ್ಪತ್ತನೆಯ ವಾರದ ತರುವಾಯ ಕೆಲವರಲ್ಲಿ ರಕ್ತದೊತ್ತಡವೇರಿ, ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಳ್ಳುವುದುಂಟು. ಇದೇ ಪ್ರಿಎಕ್ಲಾಂಪ್ಸಿಯಾ. ಮುಂದುವರಿದರೆ ಸೆಳವು ಬಂದು ತಾಯಿಗೂ ಕೂಸಿಗೂ ಪ್ರಾಣಾಪಾಯ. ನಮ್ಮ ಹಿರಿಯರು ಸನ್ನಿಯೆಂದು ಕರೆದು ಗಾಳಿದೆವ್ವಗಳ ಮೇಲೆ ಹೊರಿಸುತ್ತಿದ್ದುದರಲ್ಲಿ ಇದೂ ಸೇರಿದ್ದಿತು. ಲಂಡನ್ನಿನ ಗೈ ಆಸ್ಪತ್ರೆಯ ಜಾನ್ ಲಿವರ್ 1843ರಲ್ಲಿ ಮೂತ್ರದ ಈ ಲಕ್ಷಣವನ್ನು ಗುರುತಿಸಿದನು.

ಆಹಾರದ ಮಾತು ಬಂದುದು ಬಹಳ ತಡವಾಗಿ. ಗ್ವಾಟೆಮಾಲದ ಮಾಯಾ ಸ್ತ್ರೀಯರು ಬಡವರಾದರೂ ಅವರಲ್ಲಿ ಈ ಸೆಳವು ವಿರಳ. ಅವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ನೆನೆಸಿ ರೊಟ್ಟಿ ಮಾಡುವವರು. ಕ್ಯಾಲ್ಸಿಯಮ್ಮಿನ ಕೊರತೆಗೂ ಈ ರೋಗಕ್ಕೂ ನಂಟಿರಬೇಕೆಂದು ಬೆಲಿಸಾನ್ ಮತ್ತು ವಿಲ್ಲಾರ್ 1980ರಲ್ಲಿ ಊಹಿಸಿದರು. ಊಹೆ ಸುಳ್ಳಾಗಲಿಲ್ಲ. ಆಹಾರದಲ್ಲಿ ಅದು ಕಡಮೆಯಿರುವ ನಾಡುಗಳ ಗರ್ಭಿಣಿಯರಿಗೆ ದಿನಕ್ಕೆ 1.5ರಿಂದ 2 ಗ್ರಾಂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸೂಚಿಸಿತು. ಬೆಂಗಳೂರಿನಲ್ಲಿ 11,000 ಗರ್ಭಿಣಿಯರಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 500 ಮಿಲಿಗ್ರಾಂ ಪಡೆದವರ ಪೈಕಿ ನೂರಕ್ಕೆ 3.0, 1,500 ಪಡೆದವರ ಪೈಕಿ 3.6ರಷ್ಟು ಮಂದಿಗೆ ರೋಗ ಕಂಡಿತು. ಚಿಕ್ಕ ಪ್ರಮಾಣವು ದೊಡ್ಡದಕ್ಕಿಂತ ಕೀಳಲ್ಲವೆಂದಾಯಿತು.

ಇನ್ನು ರಾಯಚೂರು ಸೀಮೆಗೆ ಬರೋಣ. ಜೋಳದ ರೊಟ್ಟಿ ಹೋಗಿ ಅನ್ನ ಬಂದುದೇ ಕೇಡೆಂದು ಹಲವರು ಹೇಳುವರು. ಈ ವಿಷಯದಲ್ಲಿ ನಮಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. 100 ಗ್ರಾಂ ಜೋಳದಲ್ಲಿರುವ ಕ್ಯಾಲ್ಸಿಯಂ ಸುಮಾರು 25 ಮಿಲಿಗ್ರಾಂ. ರಾಗಿಯ 350ರ ಮುಂದೆ ಅದು ಯಾವ ಲೆಕ್ಕ? ರೊಟ್ಟಿಯ ಸಂಗಡ ಬರುವ ಎಳ್ಳು, ಗುರೆಳ್ಳಿನ ಪುಡಿ, ಹುರುಳಿ, ಸೊಪ್ಪು, ಮಜ್ಜಿಗೆಗಳಲ್ಲಿಯೇ ಆ ಸತ್ತ್ವವಿರುವುದು. ಅನ್ನದ ತಟ್ಟೆಯಿಂದ ಇವು ಜಾರಿದರೆ ನಷ್ಟ. (ವೀಳ್ಯದ ಸುಣ್ಣವನ್ನು ನೆನೆದು ಹಿಗ್ಗುವವರು, ಅಡಕೆಯೂ ತಂಬಾಕೂ ಗರ್ಭಕ್ಕೆ ಹಾನಿಯೆಂಬುದನ್ನು ಮರೆಯಬಾರದು.)

ಕುಬುಸದ ದಿನ ಬಗೆಬಗೆಯ ಭಕ್ಷ್ಯಗಳನ್ನಿಕ್ಕುವ ಮನೆಯೇ, ಕೂಸು ದಪ್ಪವಾದರೆ ಹೆರಿಗೆ ಕಷ್ಟವೆಂದು ಉಳಿದ ದಿನಗಳಲ್ಲಿ ಬಸುರಿಯ ತುತ್ತುಗಳನ್ನು ಎಣಿಸುವುದುಂಟು. ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆಗಳನ್ನು ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾದುದು ಈ ಕಾರಣದಿಂದಲೂ ಸ್ವಾಗತಾರ್ಹ. ಅಲ್ಲಿ ಅತ್ತೆಯ ಲೆಕ್ಕ ನಡೆಯದು.

ಊಟವೊಂದೇ ಸಾಲದು. ತಲೆಸಿಡಿತ, ಕಣ್ಣುಮಂಜು, ಮುಖದ ಬಾವುಗಳು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸೆಳವಿನ ಸಂಭವವನ್ನು ಮೆಗ್ನೀಸಿಯಂ ಸಲ್ಫೇಟ್ ಅರ್ಧಕ್ಕಿಳಿಸುವುದೆಂದು 33 ದೇಶಗಳಲ್ಲಿ ನಡೆದ ಪರೀಕ್ಷೆಯಿಂದ 2002ರಲ್ಲಿಯೇ ಸಿದ್ಧವಾಗಿದೆ.