ತಡವಾಗಿ ಬರುವ ಪ್ರಾಯ

ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಆರ್ನೋಲ್ಡ್ ಬರ್ಟೋಲ್ಡನು 1848ರಲ್ಲಿ ಆರು ಎಳೆಯ ಹುಂಜಗಳ ಮೇಲೆ ನಡೆಸಿ ಮರುವರ್ಷ ಪ್ರಕಟಿಸಿದ ಪ್ರಯೋಗವು, ಪ್ರಾಯಕ್ಕೆ ಬರುವುದೆಂಬ ಮಹಾಪರಿವರ್ತನೆಯ ಪ್ರೇರಣೆ ರಕ್ತದ ಮೂಲಕ ಸಂಚರಿಸುವುದೆಂದು ತೋರಿಸಿಕೊಟ್ಟಿತು. ಎರಡರ ವೃಷಣಗಳನ್ನು ಪೂರ್ತಿಯಾಗಿ ತೆಗೆಯಲು ಅವು ಜುಟ್ಟು ಬೆಳೆಯದೆ, ಕೂಗದೆ, ಕಾಳಗಕ್ಕೆ ನಿಲ್ಲದೆ ಉಳಿದುವು. ಮಿಕ್ಕ ನಾಲ್ಕರಲ್ಲಿ, ತನ್ನದೋ ಬೇರೊಂದರದೋ ಆದ ಒಂದೊಂದು ವೃಷಣವನ್ನು ಅದರ ಸ್ಥಾನದಿಂದ ಬಿಡಿಸಿ ಕರುಳುಗಳ ನಡುವೆ ಇರಿಸಿದ್ದರೂ, ಅವು ಹುಂಜಗಳಾಗಿಯೇ ಬೆಳೆದು ಕೂಗಿದುವು, ಕಾದಿದುವು. ಕೊಯ್ದು ನೋಡಿದಾಗ ಆ ಗ್ರಂಥಿಗೆ ಹೊಸ ರಕ್ತನಾಳಗಳು ಹಬ್ಬಿದ್ದುವೇ ಹೊರತು ಹಳೆಯ ನರಸಂಬಂಧ ಉಳಿದಿರಲಿಲ್ಲ. ಇಂಥ ಸ್ಪಷ್ಟ ಪ್ರಮಾಣವನ್ನೂ ವಿದ್ವಲ್ಲೋಕವು ದಶಕಗಳ ಕಾಲ ಮರೆತಿತ್ತೆಂಬುದು ಖೇದದ ಸಂಗತಿ.

1889ರಲ್ಲಿ, ಎಪ್ಪತ್ತು ದಾಟಿದ್ದ ಶರೀರಕ್ರಿಯಾವಿಜ್ಞಾನಿ ಬ್ರೌನ್ ಸೆಕ್ವಾರ್ಡನು ಪ್ಯಾರಿಸ್ಸಿನಲ್ಲಿ ಪ್ರಾಣಿಗಳ ವೃಷಣರಸವನ್ನು ತನಗೇ ಚುಚ್ಚಿಕೊಂಡು ತಾರುಣ್ಯ ಮರಳಿತೆಂದು ಸಾರಿದನು. ಅದರಲ್ಲಿ ಔಷಧಕ್ಕಿಂತ ನಂಬಿಕೆಯೇ ಹೆಚ್ಚು. ನಿಜವಾದ ದ್ರವ್ಯ ಕೈಗೆ ಸಿಕ್ಕಿದ್ದು 1935ರಲ್ಲಿ: ಆಂಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕ್ವರನ ತಂಡವು ಸುಮಾರು 100 ಕಿಲೋ ಹೋರಿಯ ವೃಷಣಗಳಿಂದ ಸುಮಾರು 10 ಮಿಲಿಗ್ರಾಮಿನಷ್ಟು ಟೆಸ್ಟೊಸ್ಟಿರೋನನ್ನು ಬೇರ್ಪಡಿಸಿತು, ಅದೇ ವರ್ಷ ರಸಾಯನಜ್ಞರಾದ ಬುಟೆನಾಂಟ್ ಮತ್ತು ರುಜಿಚ್ಕಾ ಪ್ರತ್ಯೇಕವಾಗಿ ಅದನ್ನು ಕೊಲೆಸ್ಟರಾಲಿನಿಂದ ತಯಾರಿಸಿದರು. ಸ್ತ್ರೀಯರ ಹಾರ್ಮೋನಾದ ಈಸ್ಟ್ರೋನ್ 1929ರಲ್ಲೇ ದೊರೆತಿತ್ತು.

ಆದರೆ ಔಷಧ ದೊರೆತುದಕ್ಕಿಂತ, ಅದನ್ನು ಯಾರಿಗೆ, ಯಾವಾಗ, ಎಷ್ಟು ಕೊಡಬೇಕೆಂಬ ವಿವೇಕ ಮೂಡಿದುದೇ ದೊಡ್ಡ ಸಾಧನೆಯೆಂದು ನಾನು ಬಗೆಯುತ್ತೇನೆ. ತಡವಾಗಿ ಪ್ರಾಯಕ್ಕೆ ಬರುವ ಬಾಲಕರಲ್ಲಿ ಬಹುಮಂದಿ ಆರೋಗ್ಯವಂತರೇ. ಅವರ ತಂದೆಯೋ ತಾಯಿಯೋ ಹಾಗೆಯೇ ತಡವಾಗಿ ಬೆಳೆದವರಾಗಿರುವುದುಂಟು. ಅಂಥವರಿಗೆ ಹಾರ್ಮೋನನ್ನು ಮಿತಿಮೀರಿ ಕೊಟ್ಟರೆ ಎಲುಬಿನ ತುದಿಗಳು ಅಕಾಲದಲ್ಲಿ ಬೆಸೆದುಕೊಂಡು ಎತ್ತರವೇ ಕುಂದೀತು. ಆದಕಾರಣ ಎಡಗೈಯ ಕ್ಷಕಿರಣಚಿತ್ರದಿಂದ ಎಲುಬಿನ ವಯಸ್ಸನ್ನು ಅಳೆಯಲು ಗ್ರೂಲಿಕ್ ಮತ್ತು ಪೈಲ್ ಚಿತ್ರಸಂಪುಟವನ್ನೇ ರಚಿಸಿದರು. ಜೂರಿಕ್ಕಿನ ಆಂಡ್ರಿಯಾ ಪ್ರಾಡರನು 1966ರಲ್ಲಿ ಪ್ರಕಟಿಸಿದ ಉಪಕರಣವಾದರೋ ಜಪಮಾಲೆಯಂತೆ ದಾರದಲ್ಲಿ ಪೋಣಿಸಿದ 12 ಅಂಡಾಕಾರದ ಮಣಿಗಳು, 1 ಮಿಲಿಲೀಟರಿನಿಂದ 25ರವರೆಗೆ. ವೈದ್ಯನು ಒಂದು ಕೈಯಿಂದ ಹುಡುಗನ ವೃಷಣವನ್ನು ಮುಟ್ಟಿ, ಇನ್ನೊಂದರಿಂದ ಮಣಿಯೊಡನೆ ಹೋಲಿಸಿ, 4ರ ಮಣಿಗೆ ಸಮವಾದರೆ ಪ್ರಾಯ ಆರಂಭವಾಯಿತೆಂದು ನಿರ್ಣಯಿಸುತ್ತಾನೆ.

ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಲಕ್ಷಣ ಕಾಣದಿದ್ದರೆ ಪರೀಕ್ಷೆ ಅಗತ್ಯ. ಕೇವಲ ತಡವೆಂದು ತಿಳಿದುಬಂದಲ್ಲಿ ಕಾಯುವುದೂ ಚಿಕಿತ್ಸೆಯೇ. ಆದರೂ ಗೆಳೆಯರೆಲ್ಲ ದನಿಯೊಡೆದು ಎತ್ತರವಾಗಿರುವಾಗ ತಾನೊಬ್ಬನೇ ಮಗುವಿನಂತೆ ಉಳಿದ ಹುಡುಗನ ಸಂಕಟ ಅಲ್ಪವಾದುದಲ್ಲ. ಅವನಿಗೆ ತಿಂಗಳಿಗೊಮ್ಮೆ 50ರಿಂದ 100 ಮಿಲಿಗ್ರಾಂ ಟೆಸ್ಟೊಸ್ಟಿರೋನ್, ಮೂರರಿಂದ ಆರು ತಿಂಗಳು ಕೊಟ್ಟು ನಿಲ್ಲಿಸಿದರೆ, ಅವನ ಸ್ವಂತ ಗ್ರಂಥಿಗಳು ಸಾಮಾನ್ಯವಾಗಿ ತಮ್ಮ ಕೆಲಸವನ್ನು ತಾವೇ ವಹಿಸಿಕೊಳ್ಳುತ್ತವೆ. ಹುಡುಗಿಗೆ ಅತ್ಯಲ್ಪ ಈಸ್ಟ್ರೊಜೆನ್ನಿನಿಂದ ತೊಡಗಿ ಮೆಲ್ಲಮೆಲ್ಲನೆ ಏರಿಸುವುದು ವಾಡಿಕೆ.

ಕಾಯಬಾರದ ಸ್ಥಿತಿಗಳೂ ಇವೆ. ವಾಸನೆಯೇ ತಿಳಿಯದವರಲ್ಲಿ ಪ್ರಾಯವೂ ಬಾರದಿರುವುದನ್ನು ಕಾಲ್ಮನ್ 1944ರಲ್ಲಿ ಕೆಲವು ಕುಟುಂಬಗಳಲ್ಲಿ ವರ್ಣಿಸಿದನು. ಇಲ್ಲಿ ಪಿಟ್ಯೂಟರಿ ಗ್ರಂಥಿಗೆ ಮಿದುಳು ಕಳುಹಿಸುವ ಹಾರ್ಮೋನಿನ ಸಂದೇಶವೇ ತಲಪದು. ಆ ಸಂದೇಶದ ರಚನೆಯನ್ನು ಶಾಲಿಯ ತಂಡವು 1971ರಲ್ಲಿ ಬಿಡಿಸಿಟ್ಟಿತು. ಅದು ನಿರಂತರ ಹರಿದರೆ ಗ್ರಂಥಿ ಸ್ತಬ್ಧವಾಗುವುದು, ಬಿಟ್ಟುಬಿಟ್ಟು ಬಂದರೆ ಮಾತ್ರ ಎಚ್ಚರಗೊಳ್ಳುವುದು ಎಂಬುದನ್ನು ಕೆಲವೇ ವರ್ಷಗಳಲ್ಲಿ ಅರ್ನ್ಸ್ಟ್ ನೋಬಿಲ್ ಕೋತಿಗಳಲ್ಲಿ ಕಂಡನು. ಅಂಥ ರೋಗಿಗಳು ಮುಂದೆ ಸಂತಾನವನ್ನು ಬಯಸಿದಾಗ, ಮಿದುಳಿನ ಆ ಲಯವನ್ನೇ ಅನುಸರಿಸಿ ಔಷಧವನ್ನು ಆಗಾಗ ತುಸುತುಸುವೇ ಹೊಗಿಸುವ ಚಿಕ್ಕ ಪಂಪನ್ನು ದೇಹಕ್ಕೆ ಅಳವಡಿಸುವ ಪದ್ಧತಿ ಹುಟ್ಟಿದ್ದು ಆ ಶೋಧನೆಯಿಂದ.