ಕಾರಿಗಿಂತ ಬ್ಯಾಟರಿಯ ಚಾಕರಿಯೇ ಹೆಚ್ಚು

ವಿದ್ಯುತ್ ಕಾರು ಇತ್ತೀಚಿನ ಸೃಷ್ಟಿ ಎಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಅದು ಪೆಟ್ರೋಲ್ ಕಾರಿನ ಓರಗೆಯದು. ರಸ್ತೆಯ ಮೇಲೆ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲು ದಾಟಿದ್ದು ಬ್ಯಾಟರಿ ಗಾಡಿ. 1899ರಲ್ಲಿ ಅದನ್ನು ಓಡಿಸಿದವನು ಬೆಲ್ಜಿಯಂನ ಕ್ಯಾಮಿಲ್ ಜೆನಾಟ್ಜಿ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಮೋಟಾರು ಗಾಡಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ವಿದ್ಯುತ್ತಿನವು. ಹೊಗೆಯಿಲ್ಲ, ಸದ್ದಿಲ್ಲ, ಹ್ಯಾಂಡಲ್ ತಿರುಗಿಸಿ ಎಂಜಿನ್ ಹೊರಡಿಸುವ ಕಷ್ಟವಿಲ್ಲ. ಹೆನ್ರಿ ಫೋರ್ಡ್‌ನ ಪತ್ನಿ ಕ್ಲಾರಾ ಕೂಡ ಓಡಿಸುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿಯ ಕಾರನ್ನು!

ಇಷ್ಟಿದ್ದೂ ಅದು ಸೋತದ್ದೇಕೆ? 1908ರಲ್ಲಿ ಬಂದ ಫೋರ್ಡ್‌ನ ಅಗ್ಗದ ‘ಮಾಡೆಲ್ ಟಿ’, 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಅಳವಡಿಸಿದ ಸೆಲ್ಫ್ ಸ್ಟಾರ್ಟರ್ ಇವನ್ನು ಕಾರಣವಾಗಿ ಹೇಳುವುದುಂಟು. ಅದು ನಿಜವೇ. ಆದರೆ ಮನೆಯೊಳಗಿನ ಕಾರಣವೂ ಒಂದಿತ್ತು. ಅದು ಬ್ಯಾಟರಿಯ ಆರೈಕೆ.

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸದ ಬ್ಯಾಟರಿಯೇ ಅಂದಿನ ಕಾರುಗಳ ಆಧಾರ. ಗಂಧಕಾಮ್ಲದಲ್ಲಿ ಮುಳುಗಿದ ಸೀಸದ ಫಲಕಗಳ ಮೇಲೆ, ವಿದ್ಯುತ್ ಖರ್ಚಾದಂತೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ಹಾಗೆಯೇ ಬಿಟ್ಟರೆ ಗಟ್ಟಿಯಾಗಿ ಬ್ಯಾಟರಿಯ ಶಕ್ತಿ ಕುಂದುತ್ತದೆ. ಚಾರ್ಜ್ ಅತಿಯಾದರೆ ನೀರು ಅನಿಲವಾಗಿ ಹೋಗಿ ಫಲಕಗಳು ಒಣಗುತ್ತವೆ. ಹೀಗಾಗಿ ಮಾಲೀಕ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕು, ಹೈಡ್ರೋಮೀಟರ್‌ನಿಂದ ಆಮ್ಲದ ಸಾಂದ್ರತೆ ನೋಡಬೇಕು. ಕುದುರೆಗೆ ಹುಲ್ಲು ನೀರು ಕೊಟ್ಟಷ್ಟೇ ನಿಷ್ಠೆಯ ಕೆಲಸವಿದು. ಉಳ್ಳವರು ತಿಂಗಳ ಬಾಡಿಗೆ ಕೊಟ್ಟು ಗ್ಯಾರೇಜಿಗೆ ಈ ಕೆಲಸ ಒಪ್ಪಿಸುತ್ತಿದ್ದರು. ಸಾಮಾನ್ಯರಿಗೆ ಅದು ಎಟುಕುತ್ತಿರಲಿಲ್ಲ.

ಒರಟು ಬಳಕೆಯನ್ನೂ ತಾಳುವ ಬ್ಯಾಟರಿಗಾಗಿ ಥಾಮಸ್ ಎಡಿಸನ್ ವರ್ಷಗಟ್ಟಲೆ ದುಡಿದ. ಅವನ ನಿಕಲ್-ಕಬ್ಬಿಣದ ಬ್ಯಾಟರಿ ಮೊದಲು ಸೋರಿತು. ಸುಧಾರಿಸಿ ಮತ್ತೆ ಮಾರುಕಟ್ಟೆಗೆ ಬಂದಾಗ 1909 ದಾಟಿತ್ತು. ಬಾಳಿಕೆ ಚೆನ್ನಾಗಿತ್ತು, ಬೆಲೆ ಮಾತ್ರ ದುಬಾರಿ. ಇದಕ್ಕಿಂತ ಜಾಣ ಉಪಾಯ ಹುಡುಕಿದ್ದು ಅಮೆರಿಕದ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿ. 1910ರಿಂದ 1924ರವರೆಗೆ ಅದು ಬ್ಯಾಟರಿಯನ್ನು ತನ್ನದಾಗಿಯೇ ಇಟ್ಟುಕೊಂಡಿತು. ಗ್ರಾಹಕ ಬರಿಯ ಗಾಡಿ ಕೊಂಡರೆ ಸಾಕು. ಬ್ಯಾಟರಿ ಖಾಲಿಯಾದಾಗ ತುಂಬಿದ್ದನ್ನು ಪಡೆದು, ಓಡಿಸಿದ ಮೈಲಿಗೆ ಹಣ ಕೊಡುವುದು. ಆರೈಕೆಯ ಹೊರೆ ಮಾಲೀಕನ ಹೆಗಲಿನಿಂದ ಇಳಿದಿತ್ತು.

ಭಾರತದಲ್ಲಿ ಈ ಹೊರೆಯನ್ನು ಮೊದಲು ಹೊತ್ತವರಲ್ಲಿ ಬೆಂಗಳೂರಿನವರು ಪ್ರಮುಖರು. 2001ರಲ್ಲಿ ಚೇತನ್ ಮೈನಿ ಅವರ ‘ರೇವಾ’ ಇಲ್ಲಿಯೇ ತಯಾರಾಗಿ ರಸ್ತೆಗಿಳಿಯಿತು. 6 ವೋಲ್ಟಿನ 8 ಸೀಸದ ಬ್ಯಾಟರಿಗಳು. ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ಚಾರ್ಜ್. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರ್ ಓಟ. ನಿಯಮಗಳು ಹಳೆಯವೇ: ಖಾಲಿ ಬಿಡಬಾರದು, ನೀರು ಮರೆಯಬಾರದು. ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿಗಳನ್ನೆಲ್ಲ ಬದಲಿಸುವ ಖರ್ಚು ಬೇರೆ. ಸ್ವಂತ ಮನೆ, ಸ್ವಂತ ಸಾಕೆಟ್ ಇದ್ದವರಿಗೆ ಅನುಕೂಲ, ಬಾಡಿಗೆದಾರರಿಗೆ ಕಷ್ಟ.

1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಈ ಚಿತ್ರವನ್ನು ಬದಲಿಸಿತು. 2009ರಲ್ಲಿ ರೇವಾ ಕೂಡ ಅದನ್ನು ಅಳವಡಿಸಿಕೊಂಡಿತು. ಇದಕ್ಕೆ ನೀರು ಬೇಡ. ಪ್ರತಿ ಕೋಶದ ಮೇಲೂ ಎಲೆಕ್ಟ್ರಾನಿಕ್ ಕಾವಲಿದೆ. ಹಾಗೆಂದು ಆರೈಕೆ ಪೂರ್ತಿ ತಪ್ಪಿಲ್ಲ. ಅತಿಯಾದ ಶಾಖ ಇದರ ಮೊದಲ ವೈರಿ. ಪೂರ್ತಿ ತುಂಬಿದ ಅಥವಾ ಪೂರ್ತಿ ಬರಿದಾದ ಸ್ಥಿತಿಯಲ್ಲಿ ಬಹುದಿನ ನಿಲ್ಲಿಸಿದರೂ ಆಯುಸ್ಸು ಕಡಿಮೆಯಾಗುತ್ತದೆ. ಅದಕ್ಕೇ ಹಲವು ತಯಾರಕರು ನಿತ್ಯದ ಓಡಾಟಕ್ಕೆ ಶೇ 80ರಷ್ಟು ಚಾರ್ಜ್ ಸಾಕೆನ್ನುತ್ತಾರೆ. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬಗೆಯನ್ನು ಮಾತ್ರ ಆಗಾಗ ಪೂರ್ತಿ ತುಂಬಬೇಕೆಂಬ ಸೂಚನೆಯೂ ಉಂಟು.

2020ರಲ್ಲಿ ಕೇಂದ್ರ ಸರ್ಕಾರ ಬ್ಯಾಟರಿಯಿಲ್ಲದ ವಿದ್ಯುತ್ ದ್ವಿಚಕ್ರ, ತ್ರಿಚಕ್ರ ವಾಹನಗಳ ಮಾರಾಟಕ್ಕೆ, ನೋಂದಣಿಗೆ ಅವಕಾಶ ನೀಡಿತು. ಹಾರ್ಟ್‌ಫರ್ಡ್‌ನ ಉಪಾಯ ನೂರು ವರ್ಷಗಳ ಬಳಿಕ ಮರಳಿ ಬಂದಿತೆನ್ನಬೇಕು. ವಿದ್ಯುತ್ ವಾಹನ ಎಷ್ಟು ದೂರ ಓಡುತ್ತದೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಅದರ ಬ್ಯಾಟರಿಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಮೊದಲ ಸಲ ವಿದ್ಯುತ್ ಕಾರು ಮುಗ್ಗರಿಸಿದ್ದು ಈ ಪ್ರಶ್ನೆಯ ಮುಂದೆಯೂ ಹೌದು.